ಊದು

ಬಳೇಪೇಟೆ ಗಲ್ಲಿಯಲ್ಲಿ ನನ್ನದು ಆರಡಿ ಅಂಗಡಿ.
ತಂಬೂರಿಯ ತಂತಿ, ಮೃದಂಗದ ಕರಣೆ,
ಹಾರ್ಮೋನಿಯಂ ಹೊಟ್ಟೆಯ ಜಿರಳೆ,
ಎಲ್ಲಕ್ಕೂ ನಾನೇ ವೈದ್ಯ.

ಆಷಾಢದ ಒಂದು ಮಧ್ಯಾಹ್ನ ಬಂದ
ಉದ್ದನೆಯ ಹುಡುಗ, ಕಂಕುಳಲ್ಲಿ ಬಸುರಿ ವಾದ್ಯ.
ಕತ್ತು ಹಿಂದಕ್ಕೆ ಮುರಿದಂತೆ ಬಾಗಿದೆ,
ಮುಂದಿನ ಹಲಗೆ ಬೆಂಗಳೂರಿನ ತೇವಕ್ಕೆ ಬಾಯಿ ಬಿಟ್ಟಿದೆ.
"ಇದೇನಪ್ಪ?" ಅಂದೆ.
"ಊದ್" ಅಂದ.
ಊದೋದಲ್ಲವಲ್ಲೋ, ಮೀಟೋದು, ಅಂತ ನಕ್ಕೆ.
ಅವನಿಗೆ ತಿಳಿಯಲಿಲ್ಲ. ಆದರೂ ನಕ್ಕ.

ಹೆಸರು ಮಿಶಾಲ್. ಸೌದಿಯ ಅಲ್-ಅಹ್ಸಾ ಊರು.
ಹೆಣ್ಣೂರಿನ ಕಡೆ ಯಾವುದೋ ಕಾಲೇಜಿನಲ್ಲಿ ಫಾರ್ಮಸಿ.
ಪಾಪಣ್ಣ ಎಂಬ ನನ್ನ ಹೆಸರು
ಅವನ ಬಾಯಲ್ಲಿ ಬಾಬಣ್ಣ;
ಪಕಾರವೇ ಇಲ್ಲವಂತೆ ಅವರ ನುಡಿಯಲ್ಲಿ.
ಇರಲಿ, ಪಾಪ ಕಳೆಯಿತಲ್ಲ.

ಒಂಬತ್ತು ದಿನ ಹಿಡಿಯಿತು.
ಹನ್ನೊಂದು ತಂತಿ, ಒಂದೂ ಮೆಟ್ಟಿಲಿಲ್ಲ;
ಬೆರಳು ಎಲ್ಲಿ ನಿಲ್ಲಬೇಕೆಂದು
ಯಾರು ಹೇಳಿಕೊಡುತ್ತಾರೋ ಇದಕ್ಕೆ.
ದುಡ್ಡು ಎಣಿಸಿ ಕೊಟ್ಟ ಮೇಲೂ ಅಲ್ಲೇ ನಿಂತ:
ಶನಿವಾರ ಊಟಕ್ಕೆ ಬಾ.
ಶನಿವಾರ ಹನುಮಂತನದು, ಮಾಂಸ ಮುಟ್ಟಲ್ಲ ಅಂದೆ.
ಅವನು ನನ್ನ ದೇವರ ತಂಟೆಗೆ ಬರಲಿಲ್ಲ,
ವಾರವನ್ನೇ ಬದಲಿಸಿದ.

ಕಮ್ಮನಹಳ್ಳಿ, ಮೂರನೇ ಮಹಡಿ.
ಕುರ್ಚಿಯಿಲ್ಲ, ಗೋಡೆಯುದ್ದಕ್ಕೂ ದಿಂಬು.
ಮೊದಲು ಖರ್ಜೂರ, ಆಮೇಲೆ ಕಾಫಿ.
ಕಾಫಿಯೇ ಅದು?
ಅರಿಶಿನ ಕದಡಿದ ಬಣ್ಣ, ಏಲಕ್ಕಿಯ ಘಮ,
ಸಕ್ಕರೆಯಿಲ್ಲ, ಹಾಲಿನ ಮಾತೇ ಇಲ್ಲ,
ಹಿಡಿಯಿಲ್ಲದ ಪುಟ್ಟ ಬಟ್ಟಲು, ತಳ ನೆನೆವಷ್ಟು.
ಬೈಟು ಕಾಫಿಯ ಊರಿನವನು ನಾನು,
ಅರ್ಧ ಎಂದರೇನು ಬಲ್ಲೆ;
ಇದು ಅರ್ಧದಲ್ಲೂ ಅರ್ಧ.
ಜಿಪುಣರು ಅಂದುಕೊಂಡೆ. ತಪ್ಪಾಯಿತು.
ಕುಡಿದರೆ ಮತ್ತೆ. ಕುಡಿದರೆ ಮತ್ತೆ.
ಅವನ ಗೆಳೆಯ ತುರ್ಕಿ
(ಹೆಸರಷ್ಟೇ ತುರ್ಕಿ, ಊರು ರಿಯಾದ್)
ಎಡಗೈಯಲ್ಲಿ ಹೂಜಿ ಹಿಡಿದು ಕೂರಲೇ ಇಲ್ಲ.
ಅವನು ನಿಂತಿದ್ದಾನಲ್ಲ ಅಂತ ನಾನು ಕುಡಿದೆ,
ನಾನು ಕುಡಿಯುತ್ತಿದ್ದೇನಲ್ಲ ಅಂತ ಅವನು ನಿಂತ.
ಎಂಟನೆಯದಕ್ಕೆ ಮಿಶಾಲ್ ನನ್ನ ಮಣಿಕಟ್ಟು ಹಿಡಿದು
ಬಟ್ಟಲನ್ನು ಎರಡು ಸಲ ಅಲ್ಲಾಡಿಸಿದ:
ಹೀಗೆ ಮಾಡು ಬಾಬಣ್ಣ, ಸಾಕು ಅಂತ ಅರ್ಥ.
ನಮ್ಮಲ್ಲಿ ಎಲೆಯ ಮೇಲೆ ಮಲಗಿ ಅಡ್ಡ ಬಂದರೂ
ಬಡಿಸುವವರು ನಿಲ್ಲಿಸುವುದಿಲ್ಲ ಅಂತ
ಹೇಳಬೇಕೆಂದುಕೊಂಡೆ, ಇಂಗ್ಲಿಷು ಸಾಲಲಿಲ್ಲ.

ಕಬ್ಸಾ ಬಂತು. ಒಂದೇ ಹರಿವಾಣ, ಐದು ಕೈ.
ಅನ್ನದ ಗುಡ್ಡದ ಮೇಲೆ ಒಣಗಿ ಕಪ್ಪಾದ ನಿಂಬೆ;
ಅಂಗಡಿ ಬಾಗಿಲಿಗೆ ದೃಷ್ಟಿಗೆಂದು ಕಟ್ಟಿ
ಮರೆತದ್ದೇ ಇಲ್ಲಿಗೆ ಬಂದಿದೆ ಅನ್ನಿಸಿತು.
ಕೋಳಿಯ ಒಳ್ಳೊಳ್ಳೆ ತುಂಡು
ಯಾರೂ ತಳ್ಳಿದ್ದು ಕಾಣದೆ
ನನ್ನ ಬದಿಗೆ ಜರುಗಿ ಜರುಗಿ ಬಂತು.

ಕೈ ತೊಳೆದು ಮಿಶಾಲ್ ನುಡಿಸಿದ.
ಮೊದಲು ನಾನು ರಾಗ ಕೇಳಲಿಲ್ಲ,
ನನ್ನ ಅಂಟು ಕೇಳಿದೆ. ಗಟ್ಟಿಯಿತ್ತು.
ಆಮೇಲೆ ಕೇಳಿತು ಒಂದು ಸ್ವರ,
ರಿಷಭ ಅನ್ನೋಣವೆಂದರೆ ಕೂದಲೆಳೆ ಮೇಲೆ,
ಗಾಂಧಾರಕ್ಕೆ ಇನ್ನೂ ದೂರ,
ನನ್ನ ಶ್ರುತಿಪೆಟ್ಟಿಗೆಯಲ್ಲಿ ಅದಕ್ಕೆ ಮನೆಯಿಲ್ಲ.
ಉಳಿದವರು ಚಪ್ಪಾಳೆಗೆ ಚಪ್ಪಾಳೆ ಹೆಣೆದರು.
ತೊಡೆಯ ಮೇಲೆ ತಾಳ ಹಾಕಿದೆ,
ತಪ್ಪಿದೆ, ಮತ್ತೆ ಹಿಡಿದೆ.
ತುರ್ಕಿ ಎದ್ದು ಬಾಲ್ಕನಿಗೆ ಹೋದ.
ಯಾಕೆಂದು ಯಾರೂ ಕೇಳಲಿಲ್ಲ.

ಕೊನೆಗೆ ಕೆಂಡದ ಮೇಲೆ ಮರದ ಒಂದು ಚಕ್ಕೆ.
ಹೊಗೆಯನ್ನು ನನ್ನ ಅಂಗಿಯೊಳಗೆ ಬೀಸಿದರು.
ಇದೇನು?
ಊದ್.
ಅದೂ ಊದು, ಇದೂ ಊದೇ?
ಅದೂ ಮರ, ಇದೂ ಮರ, ಅಂದ ಮಿಶಾಲ್.

ಆಗ ಹೊಳೆಯಿತು, ಊದುಬತ್ತಿ!
ನಲವತ್ತು ವರ್ಷ ದಿನಾ ಬೆಳಿಗ್ಗೆ
ಗಲ್ಲಾಪೆಟ್ಟಿಗೆಗೆ ಬೆಳಗುವ ಊದುಬತ್ತಿ.
ಉರಿ ಊದಿ ಆರಿಸುತ್ತೇವಲ್ಲ,
ಅದಕ್ಕೇ ಆ ಹೆಸರು ಅಂದುಕೊಂಡಿದ್ದೆ.
ಯಾವ ಹಡಗಿನಿಂದ ಇಳಿಯಿತೋ ಈ ಮಾತು,
ಬಾಡಿಗೆ ಕೊಡದೆ ನನ್ನ ಬಾಯಲ್ಲೇ ಕೂತಿತ್ತು.

ಹೊಗೆ ಬಂದರೆ ಹೊರಡುವ ಹೊತ್ತಂತೆ,
ನಮ್ಮಲ್ಲಿ ಎಲೆಯಡಿಕೆ ಕೊಟ್ಟ ಹಾಗೆ.
ಎದ್ದೆ. ಕೆಳಗಿನವರೆಗೆ ಬಂದು ಆಟೋ ಹಿಡಿದು ಕೊಟ್ಟರು.

ಸೋಮವಾರ ಹೋಟೆಲಿನಲ್ಲಿ
ಪಕ್ಕದಂಗಡಿ ಶೇಷೋಜಿಯೊಡನೆ ಬೈಟು ಕುಡಿದು
ಲೋಟವನ್ನು ಎರಡು ಸಲ ಅಲ್ಲಾಡಿಸಿ ಇಟ್ಟೆ.
"ಏನ್ ಪಾಪಣ್ಣ," ಅಂದ ಮಾಣಿ,
"ಕೈ ನಡುಗ್ತಾ ಇದೆ?"